ಗಗನಯಾತ್ರಿಗಳ ತರಬೇತಿ ನಮ್ಮ ಹೈಸ್ಕೂಲಿನಲ್ಲಿ: ನನ್ನ ಅನುಭವ

ನಾನು ಗದಗ ಹತ್ತಿರದ ಹಳ್ಳಿಯೊಂದರಲ್ಲಿ ವಿಜ್ಞಾನ ಮೇಷ್ಟ್ರು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಮಕ್ಕಳು ಕೇಳಿದ್ದೆಲ್ಲ ರಾಕೆಟ್ ಬಗ್ಗೆಯೇ. ಆದರೆ ಗಗನಯಾನಕ್ಕೆ, ಅಂದರೆ ಭಾರತವೇ ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳಿಸುವ ಯೋಜನೆಗೆ, ಆರಿಸಿದ ಶುಕ್ಲಾ ಸೇರಿ ನಾಲ್ವರು ಪೈಲಟ್‌ಗಳು 2020ರಲ್ಲೇ ರಷ್ಯಾದಲ್ಲಿ ತರಬೇತಿ ಶುರು ಮಾಡಿದ್ದರು, ಹಿಮ ಬಿದ್ದ ಕಾಡಿನಲ್ಲಿ ಜೀವ ಉಳಿಸಿಕೊಳ್ಳುವುದೂ ಅದರಲ್ಲಿತ್ತು. ಅಷ್ಟು ವರ್ಷ ಏನು ಕಲಿಯುತ್ತಾರೆ? ಕೈಯಾರೆ ಮಾಡಿ ಕಲಿಯುವುದೂ ಬಹಳ ಇರುತ್ತದೆ. ಅದನ್ನು ಹೇಳುವುದಕ್ಕಿಂತ ಮಾಡಿಸೋಣ ಅನ್ನಿಸಿತು.

ಹ್ಯೂಸ್ಟನ್‌ನಲ್ಲಿ ನಾಸಾದ ಈಜುಕೊಳ ಸುಮಾರು 12 ಮೀಟರ್ ಆಳ ಇದೆ. ನೀರಿನಲ್ಲಿ ತೇಲುವುದು ಬಾಹ್ಯಾಕಾಶದಲ್ಲಿ ತೇಲಿದ ಹಾಗೇ ಅನ್ನಿಸುತ್ತದೆ, ಅದಕ್ಕೆ ತಳದಲ್ಲಿ ನಿಲ್ದಾಣದ ಭಾಗಗಳ ಮಾದರಿ ಇಟ್ಟಿದ್ದಾರೆ, ಬಾಹ್ಯಾಕಾಶದ ಸೂಟ್ ಹಾಕಿಕೊಂಡು ತಾಸುಗಟ್ಟಲೆ ಅಲ್ಲೇ ಕೆಲಸ. ಸೂಟಿನೊಳಗೆ ಗಾಳಿ ತುಂಬಿರುವುದರಿಂದ ಗ್ಲೌಸ್ ಬಿಗಿಯಾಗಿ ಉಬ್ಬಿರುತ್ತದೆ, ಪ್ರತಿ ಸಲ ಬೆರಳು ಮಡಿಸಲೂ ಜೋರು ಹಾಕಬೇಕು.

ನಾವು ದೊಡ್ಡ ಬಕೆಟ್‌ನಲ್ಲಿ ನೀರು ತುಂಬಿದೆವು. ಉಣ್ಣೆ ಗ್ಲೌಸ್ ಮೇಲೆ ದಪ್ಪ ರಬ್ಬರ್ ಗ್ಲೌಸ್. ಸೈಕಲ್ ಅಂಗಡಿಯಿಂದ ತಂದ ನಟ್ಟು ಬೋಲ್ಟು, ನೀರಿನೊಳಗೇ ಬಿಗಿ ಮಾಡಬೇಕು. ಒಬ್ಬರು ಚೀಟಿ ನೋಡಿ ಒಂದೊಂದೇ ಹಂತ ಓದಬೇಕು, ಇನ್ನೊಬ್ಬರು ಅದನ್ನು ತಿರುಗಿ ಹೇಳಿ ಆಮೇಲೆ ಮಾಡಬೇಕು. ಬಾಹ್ಯಾಕಾಶದಲ್ಲಿ ಕೈಬಿಟ್ಟ ಸಾಮಾನು ತೇಲಿ ಹೋಗುತ್ತದೆ, ಅದಕ್ಕೆ ಅಲ್ಲಿ ಎಲ್ಲವನ್ನೂ ಕಟ್ಟಿಕೊಂಡಿರುತ್ತಾರೆ. ನಾವೂ ಪ್ರತಿ ನಟ್ಟಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸಿಗಿಸಿದೆವು. ಸ್ವಲ್ಪ ಹೊತ್ತಿಗೇ ಒಬ್ಬ ಹುಡುಗಿ, "ಸರ್, ಬೆರಳು ಸೋತಾವ್ರೀ" ಅಂದಳು. ಆದರೂ ಬಿಡಲಿಲ್ಲ, ಬಿಗಿ ಮಾಡಿಯೇ ಎದ್ದಳು. ನನಗೆ ಬಹಳ ಖುಷಿಯಾಯಿತು.

ಇನ್ನೊಂದು ನಮ್ಮ ಕಡೆಯದೇ. ಶುಕ್ಲಾ ಅಲ್ಲಿ ಮೆಂತ್ಯೆ, ಹೆಸರುಕಾಳು ಮೊಳಕೆ ಬರಿಸಿದರಲ್ವಾ, ಆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರದು. ಧಾರವಾಡದ ವಿಜ್ಞಾನಿ ಜತೆಗೆ ಹೋಗಲು ಆಗುವುದಿಲ್ಲ, ಬರೆದುಕೊಟ್ಟ ಹಂತಗಳೇ ಅಲ್ಲಿ ಅವರ ಕೈ. ಹಾಗಾಗಿ ಒಂದು ಗುಂಪು ಮೊಳಕೆ ಬರಿಸುವ ವಿಧಾನ ಬರೆಯಬೇಕು, ಇನ್ನೊಂದು ಗುಂಪು ಬರೆದಷ್ಟನ್ನೇ ಮಾಡಬೇಕು, ಬಾಯಿಬಿಟ್ಟು ಕೇಳುವ ಹಾಗಿಲ್ಲ ಅಂತ ನಿಯಮ ಮಾಡಿದೆ. ಮೊದಲ ಚೀಟಿಯಲ್ಲಿ "ನೀರು ಹಾಕು" ಅಂತಷ್ಟೇ ಇತ್ತು. ಎಷ್ಟು? ಯಾವುದರಲ್ಲಿ? ಮುಚ್ಚಳ ತೆಗೆದೋ, ಮುಚ್ಚಿಟ್ಟೋ? ಸುಮ್ನೆ ನಿಂತರು. ಬರೆದವರೇ ನೋಡಿ ತಿದ್ದಿದರು: "ಮುಚ್ಚಳ ಅರ್ಧ ತೆಗೆ, ಸಿರಿಂಜಿನಿಂದ 5 ಎಂಎಲ್ ನೀರು ಹತ್ತಿಯ ಮೇಲೆ ಬಿಡು, ಮುಚ್ಚು, ಹೊತ್ತು ಬರೆದಿಡು."

ಮಾಡಿಸುವವರು ಇದನ್ನೇ ಮೊದಲು ಮಾಡಿಸಿ, ಬಕೆಟ್ ಆಮೇಲೆ. ಚೀಟಿ ಬರೆಯುವುದು ಗೊತ್ತಾದ ಮೇಲೆ ನಟ್ಟು ಬೋಲ್ಟಿನ ಹಂತಗಳನ್ನೂ ಮಕ್ಕಳೇ ಬರೆದುಕೊಳ್ಳುತ್ತಾರೆ.