ಸೆಸ್ನಾದಲ್ಲಿ ಕೂತು ಫೈಟರ್ ಜೆಟ್ ನೋಡಿದ್ದು: ನನ್ನ ಅನುಭವ

ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯ ಹದಿನಾಲ್ಕು ಹಾರಾಟಗಳಲ್ಲಿ ಹನ್ನೊಂದರಲ್ಲಿ ಮಿಲಿಟರಿ ವಿಮಾನ ಕಣ್ಣಿಗೆ ಬಿದ್ದಿದೆ. ಅದೃಷ್ಟದಿಂದಲ್ಲ, ಬರುತ್ತದೆ ಎಂದು ಕಾದಿದ್ದ ಜಾಗದಲ್ಲಿ, ಕಾದಿದ್ದ ಹೊತ್ತಿಗೆ. ನಮ್ಮ ಫ್ಲೈಯಿಂಗ್ ಕ್ಲಬ್ಬಿನ ಹಿರಿಯ ಬೋಧಕರೊಬ್ಬರು ಎರಡು ವರ್ಷ ನನ್ನನ್ನು ಗೇಲಿ ಮಾಡಿದ್ದರು. "ಸಣ್ಣ ವಿಮಾನದಿಂದ ಫೈಟರ್ ನೋಡುವುದು ಲಾಟರಿ. ಅಷ್ಟು ಆಸೆ ಇದ್ದರೆ ಏರ್ ಶೋ ಟಿಕೆಟ್ ತೆಗೆದುಕೊಳ್ಳಿ, ಅಗ್ಗವಾಗುತ್ತದೆ" ಎನ್ನುತ್ತಿದ್ದರು. ಅಗ್ಗವಾಗುತ್ತದೆ ಎಂಬ ಮಾತು ಮಾತ್ರ ನಿಜ.

ನಾನು ಬೀದರಿನವನು. ಮನೆಯ ಮಾಳಿಗೆಯ ಮೇಲೆ ಹಾದುಹೋಗುತ್ತಿದ್ದ ಕಿರಣ್ ತರಬೇತಿ ವಿಮಾನಗಳನ್ನು ಎಣಿಸುತ್ತ ಬೆಳೆದವನು. 1996ರಲ್ಲಿ ವಾಯುಪಡೆಯ ಸಾಹಸ ಪ್ರದರ್ಶನದ ಸೂರ್ಯಕಿರಣ್ ತಂಡ ನಮ್ಮೂರಿನಲ್ಲೇ ಹುಟ್ಟಿತು. ಶಬ್ದ ಕೇಳಿದ ಕೂಡಲೇ ತಲೆ ಎತ್ತುವ ರೋಗ ಅಂದಿನದು. ಈಗ ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ, ಖಾಸಗಿ ಪೈಲಟ್ ಲೈಸೆನ್ಸು, ಲಿವರ್‌ಮೋರ್‌ನಿಂದ ಬಾಡಿಗೆಯ ನಾಲ್ಕು ಸೀಟಿನ ಪುಟ್ಟ ಸೆಸ್ನಾ 172. ಬೆಂಗಳೂರಿನ ಜಕ್ಕೂರಿನಲ್ಲಿ ಹಾರುವವರು ಇದನ್ನು ಓದುತ್ತಿದ್ದರೆ ಒಂದು ಮಾತು: ಯಲಹಂಕ ವಾಯುನೆಲೆಯ ಪಕ್ಕದಲ್ಲಿ ಇಂಥ ಪ್ರಯೋಗಕ್ಕೆ ಇಳಿಯಬೇಡಿ. ಅಲ್ಲಿಯ ನಿಯಮಗಳೇ ಬೇರೆ. ಇಲ್ಲಿ ಎಂಒಎ ಒಳಗೆ, ಅಂದರೆ ಮಿಲಿಟರಿ ಅಭ್ಯಾಸಕ್ಕೆ ಗುರುತಿಸಿದ ಆಕಾಶದೊಳಗೆ, ಹೊರಗೆ ನೋಡಿಕೊಂಡು ಹಾರುವ ಕಣ್ಣಳತೆಯ ಹಾರಾಟಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಬುದ್ಧಿ ಮಾತ್ರ ಬೇಕು.

ಮೊದಲ ಏಳೆಂಟು ಹಾರಾಟ ಪೂರ್ತಿ ಬರಿಗೈ. ಗುರಿ ಲೆಮೂರ್ ನೌಕಾ ವಾಯುನೆಲೆ. ಸ್ಯಾನ್ ವಾಕೀನ್ ಕಣಿವೆಯ ನಡುವೆ ಹದಿಮೂರೂವರೆ ಸಾವಿರ ಅಡಿ ಉದ್ದದ ಎರಡು ರನ್‌ವೇ, ಸೂಪರ್ ಹಾರ್ನೆಟ್‌ಗಳು, ಎಫ್-35ಸಿಗಳು ಎಂಬ ಫೈಟರ್ ಜೆಟ್‌ಗಳು. ಅಷ್ಟು ದೊಡ್ಡ ಸಂತೆಯಲ್ಲಿ ಒಂದಾದರೂ ಕಾಣದೇ ಇರುತ್ತದೆಯೇ ಎಂದುಕೊಂಡು ಶನಿವಾರ ಶನಿವಾರ ಹೋದೆ. ಹೋಗಿ ಬಂದರೆ ಸುಮಾರು 230 ನಾಟಿಕಲ್ ಮೈಲಿ, ಎಂಜಿನ್ ಓಡಿದ ಹೊತ್ತು ಎಣಿಸುವ ಹಾಬ್ಸ್ ಮೀಟರಿನಲ್ಲಿ 2.4 ಗಂಟೆ, ಗಂಟೆಗೆ ಆಗ 185 ಡಾಲರ್. ಒಂದು ಶನಿವಾರಕ್ಕೆ 450 ಡಾಲರ್ ಹತ್ತಿರ. ನೋಡಿದ್ದು ಬಾದಾಮಿ ತೋಟ, ಕಾಲುವೆ, ಮತ್ತೆ ಬಾದಾಮಿ ತೋಟ. ಮೂರೂವರೆ ಸಾವಿರ ಡಾಲರ್ ಕರಗಿದ ಮೇಲೆ ಹೊಳೆದದ್ದು ಇಷ್ಟೇ: ನೌಕಾಪಡೆಯವರಿಗೂ ಹೆಂಡತಿ ಮಕ್ಕಳಿದ್ದಾರೆ, ಶನಿವಾರ ಭಾನುವಾರ ಅವರೂ ಮನೆಯಲ್ಲಿರುತ್ತಾರೆ. ನಮ್ಮಂಥ ನೌಕರಿಯವರು ಹಾರುವುದೇ ಅವರು ಹಾರದ ದಿನ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ವಾರದ ನಡುವೆ ರಜೆ ಹಾಕತೊಡಗಿದೆ. ನನ್ನ ಟಿಪ್ಪಣಿಯ ಪ್ರಕಾರ ಮಂಗಳ, ಬುಧ, ಗುರುವಾರ ಒಳ್ಳೆಯ ಫಸಲು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಆಕಾಶ ಖಾಲಿ. ಡಿಸೆಂಬರ್, ಜನವರಿಯಲ್ಲಿ ಕಣಿವೆಗೆ ಟೂಲಿ ಎಂಬ ದಟ್ಟ ನೆಲಮಂಜು ಕವಿದರೆ ಆಸೆ ಬಿಡಿ. ಒಮ್ಮೆ ಮಂಜು ಹತ್ತಕ್ಕೆ ಕರಗುತ್ತದೆ ಎಂದು ನಂಬಿ ಹೊರಟು, ಮೇಲಿನಿಂದ ಹತ್ತಿ ಹಾಸಿದಂಥ ಬಿಳಿಯನ್ನು ನೋಡಿಕೊಂಡು ಹಿಂದಿರುಗಿದೆ. ಅದಕ್ಕೂ 300 ಡಾಲರ್.

ದಿನ ಸರಿಹೋದರೂ ಹೊತ್ತು ಸರಿಹೋಗಲು ಇನ್ನೂ ಮೂರು ಹಾರಾಟ ಬೇಕಾಯಿತು. ಇದೇ ನನ್ನ ವಿಧಾನದ ತಿರುಳು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಜೆಟ್‌ಗಳು ಒಂದೊಂದಾಗಿ ಹೋಗುವುದಿಲ್ಲ, ಅಲೆಯಾಗಿ ಹೋಗುತ್ತವೆ. ಹೋದ ಅಲೆ ಇಂಧನ ಮುಗಿಯುವುದರೊಳಗೆ ಮರಳಲೇಬೇಕು. ನಾನು ಗುರುತಿಟ್ಟುಕೊಂಡಂತೆ ಒಂದು ಗಂಟೆಯಿಂದ ಒಂದೂಕಾಲು ಗಂಟೆ. ಹೋಗುವಾಗ ಅವು ಎದ್ದ ಕೂಡಲೇ ಮೇಲೇರಿ ಕಣ್ಮರೆಯಾಗುತ್ತವೆ. ಮರಳುವಾಗ ಇಳಿಯುತ್ತ, ವೇಗ ಕಳೆದುಕೊಳ್ಳುತ್ತ, ಗೊತ್ತಾದ ದಾರಿಯಲ್ಲಿ ಬರುತ್ತವೆ. ನೋಡಬೇಕಾದದ್ದು ಮರಳುವ ಅಲೆಯನ್ನು.

ಅದಕ್ಕೆ ಹ್ಯಾರಿಸ್ ರಾಂಚ್‌ನಲ್ಲಿ ಇಳಿದು ಕಾಯುವುದು. ಲೆಮೂರ್‌ನಿಂದ ಪಶ್ಚಿಮಕ್ಕೆ ಹದಿನೈದು ಮೈಲಿಯ ಪುಟ್ಟ ಏರ್‌ಸ್ಟ್ರಿಪ್, ಮೂವತ್ತೇ ಅಡಿ ಅಗಲ. ಮೊದಲ ಸಲ ಇಳಿಯುವವರಿಗೆ ಅಂಗಳದ ಕಾಲುದಾರಿಯಂತೆ ಕಾಣುತ್ತದೆ, ಇನ್ನೂ ಎತ್ತರದಲ್ಲಿದ್ದೇವೆ ಎಂಬ ಭ್ರಮೆ ಹುಟ್ಟಿಸುತ್ತದೆ. ಪಕ್ಕದಲ್ಲೇ ಗೋಮಾಂಸಕ್ಕೆ ಹೆಸರಾದ ಹೋಟೆಲು. ನಾನು ಸಸ್ಯಾಹಾರಿ. ಅಲ್ಲಿ ಕೂತು ಎಷ್ಟು ತಟ್ಟೆ ಆಲೂಗಡ್ಡೆ ಕರಿದದ್ದು ತಿಂದಿದ್ದೇನೆ ಎಂಬುದನ್ನು ಡಾಕ್ಟರಿಗೆ ಹೇಳಿಲ್ಲ. ಮೇಜಿನ ಮೇಲೆ ಕೈಯಲ್ಲಿ ಹಿಡಿಯುವ ರೇಡಿಯೋ ಸ್ಕ್ಯಾನರ್, ಹಳೆಯದು, 90 ಡಾಲರಿಗೆ ಸಿಕ್ಕಿದ್ದು. ಮಿಲಿಟರಿಯವರ ಮಾತು ಯುಎಚ್ಎಫ್ ರೇಡಿಯೋ ತರಂಗದಲ್ಲಿ, 225ರಿಂದ 400 ಮೆಗಾಹರ್ಟ್ಸ್ ನಡುವೆ. ಅಲೆ ಹೊರಟದ್ದು ಕಿವಿಗೆ ಬಿದ್ದ ಕೂಡಲೇ ಗಡಿಯಾರ ನೋಡಿ ಬರೆದುಕೊಳ್ಳುವುದು, ನಲವತ್ತು ನಿಮಿಷಕ್ಕೆ ಬಿಲ್ಲು ಕೊಟ್ಟು ಏಳುವುದು, ಐವತ್ತೈದಕ್ಕೆ ಗಾಳಿಯಲ್ಲಿರುವುದು. ಅಷ್ಟೇ.

ಗಾಳಿಯಲ್ಲಿದ್ದಾಗ ಸ್ಕ್ಯಾನರ್ ಬೇಕಿಲ್ಲ. ಹೇಗೂ ಫ್ಲೈಟ್ ಫಾಲೋಯಿಂಗ್ ಕೇಳಿಕೊಂಡಿರುತ್ತೇವೆ, ಅಂದರೆ ನೆಲದ ಮೇಲಿನ ಕಂಟ್ರೋಲರ್ ರಾಡಾರಿನಲ್ಲಿ ನಮ್ಮನ್ನು ನೋಡುತ್ತಿರುತ್ತಾರೆ. ಕಂಟ್ರೋಲರ್ ಒಂದೇ ಬಾಯಿಯಲ್ಲಿ ನಮ್ಮ ವಿಎಚ್ಎಫ್‌ಗೂ ಅವರ ಯುಎಚ್ಎಫ್‌ಗೂ ಮಾತನಾಡುತ್ತಾರೆ. ಜೆಟ್ ಪೈಲಟ್ ಕೊಡುವ ಉತ್ತರ ನಮಗೆ ಕೇಳಿಸುವುದಿಲ್ಲ. ಅತ್ತೆಯವರು ಫೋನಿನಲ್ಲಿ ಮಾತನಾಡುವಾಗ ಆ ಕಡೆ ಇರುವವರು ಯಾರೆಂದು ಅಡುಗೆಮನೆಯಿಂದಲೇ ಊಹಿಸುವುದಿಲ್ಲವೇ, ಹಾಗೆ. ಉತ್ತರವೇ ಇಲ್ಲದ ಸಂಭಾಷಣೆ ಶುರುವಾಯಿತೆಂದರೆ ನೆಂಟರು ಬರುತ್ತಿದ್ದಾರೆ ಎಂದರ್ಥ. ಯಾವ ದಿಕ್ಕು, ಎಷ್ಟು ಎತ್ತರ ಎಂಬುದು ಆ ಅರ್ಧ ಮಾತಿನಲ್ಲೇ ಸಿಗುತ್ತದೆ. "ಆ ಫೈಟರ್‌ಗಳು ಎಲ್ಲಿವೆ?" ಎಂದು ಮಾತ್ರ ಕೇಳಬೇಡಿ. ನಾನೊಮ್ಮೆ ಎರಡು ಸಲ ಕೇಳಿ, "ನಿಮಗೆ ಅಡ್ಡಬಂದರೆ ನಾನೇ ಹೇಳುತ್ತೇನೆ" ಎಂದು ಬೈಸಿಕೊಂಡೆ. ನ್ಯಾಯವಾದ ಬೈಗುಳ.

ಎಲ್ಲಿ ಸುತ್ತಬೇಕು? ಸಮುದ್ರದ ಮೇಲೆ ಮಿಲಿಟರಿ ಅಭ್ಯಾಸ ನಡೆಯುವ ಎಚ್ಚರಿಕೆ ವಲಯಗಳಿಂದ ಮರಳುವವು ಐದನೇ ಹೆದ್ದಾರಿಯನ್ನು ಅಡ್ಡ ಹಾಯುತ್ತವೆ. ಹೆದ್ದಾರಿಗೂ ಕಾಲುವೆಗೂ ನಡುವೆ ನನ್ನದೊಂದು ಮೂಲೆ ಇದೆ. ಯಾವುದೆಂದು ಹೇಳುವುದಿಲ್ಲ. ನಾಲ್ಕು ಸೆಸ್ನಾಗಳು ಅಲ್ಲಿ ಗಿರಕಿ ಹೊಡೆಯತೊಡಗಿದರೆ ಕಂಟ್ರೋಲರ್‌ಗೂ ತಲೆನೋವು, ನನಗೂ ನಷ್ಟ. ಇಷ್ಟು ಹೇಳಬಹುದು: ಮಧ್ಯಾಹ್ನ ಎರಡರ ಮೇಲೆ, ಸೂರ್ಯ ಬೆನ್ನಿಗೆ ಬರುವಂತೆ, ಅವುಗಳಿಗಿಂತ ಮೇಲೆ. ಕೆಳಗಿನಿಂದ ನೋಡಿದರೆ ಆ ಬೂದು ಬಣ್ಣ ಆಕಾಶದಲ್ಲಿ ಕರಗಿಹೋಗುತ್ತದೆ. ಆ ಬಣ್ಣ ಬಳಿದಿರುವುದೇ ಅದಕ್ಕಲ್ಲವೇ. ವಿಮಾನವನ್ನು ಹುಡುಕುವುದನ್ನೇ ನಾನು ಬಿಟ್ಟಿದ್ದೇನೆ. ಹುಡುಕುವುದು ನೆರಳನ್ನು. ಕಣಿವೆಯ ಪಶ್ಚಿಮ ಅಂಚಿನಲ್ಲಿ ಬೀಳುಬಿಟ್ಟ ಹೊಲಗಳು ಒಣಗಿ ಹುಣಸೆಬೀಜ ಸುಲಿದ ಬಣ್ಣಕ್ಕೆ ತಿರುಗಿರುತ್ತವೆ. ಎರಡು ಸಾವಿರ ಅಡಿಗಿಂತ ಕೆಳಗೆ ಹಾರುವ ಜೆಟ್ಟಿನ ನೆರಳು ಅದರ ಮೇಲೆ ಇರುವೆಯಂತಲ್ಲ, ಹಲ್ಲಿಯಂತೆ ಓಡುತ್ತದೆ. ನೆರಳು ಸಿಕ್ಕಿದ ಮೇಲೆ ಅಲ್ಲಿಂದ ಸೂರ್ಯನ ಕಡೆಗೆ ಕಣ್ಣು ಜಾರಿಸಿದರೆ ವಿಮಾನ ಇದ್ದೇ ಇರುತ್ತದೆ. ಎತ್ತರ ಹೆಚ್ಚಿದಂತೆ ನೆರಳು ಮಸುಕಾಗುತ್ತದೆ, ನಾಲ್ಕೈದು ಸಾವಿರ ಅಡಿಯ ಮೇಲೆ ಈ ಉಪಾಯ ನಡೆಯದು.

ಇನ್ನು ಕಣ್ಣಿನ ಲೆಕ್ಕ. ಹತ್ತು ಹತ್ತು ಡಿಗ್ರಿಯ ತುಂಡು ಮಾಡಿ, ಒಂದೊಂದಕ್ಕೂ ಒಂದು ಸೆಕೆಂಡ್ ಕಣ್ಣು ನಿಲ್ಲಿಸಿ ಎಂದು ನಮಗೆಲ್ಲ ಕಲಿಸಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಎಷ್ಟು ಜನ ಮಾಡುತ್ತೇವೆ? ಎದುರಿನಿಂದ 420 ನಾಟ್‌ನಲ್ಲಿ ಬರುವ ಜೆಟ್, ನನ್ನ 110, ಒಟ್ಟು 530. ನೋಡಿ, ಗುರುತಿಸಿ, ತಿರುಗಲು ಹನ್ನೆರಡೂವರೆ ಸೆಕೆಂಡ್ ಬೇಕು ಎನ್ನುವ, ಅಮೆರಿಕದ ವಿಮಾನಯಾನ ಇಲಾಖೆ ಎಫ್ಎಎಯ ಲೆಕ್ಕ ಹಿಡಿದರೆ, ಎರಡು ಮೈಲಿಯ ಒಳಗೆ ಕಂಡದ್ದು ಕಂಡಂತೆಯೇ ಅಲ್ಲ. ಆದ್ದರಿಂದ ಮಿಲಿಟರಿ ಜೆಟ್‌ಗಳು ತಗ್ಗಿನಲ್ಲಿ ವೇಗವಾಗಿ ಹಾರುವ ವಿಆರ್ ಮಾರ್ಗಗಳನ್ನು ನಾನು ನೇರ ಅಡ್ಡಲಾಗಿ ದಾಟುತ್ತೇನೆ, ಉದ್ದಕ್ಕೆ ಎಂದೂ ಹೋಗುವುದಿಲ್ಲ. ನಕ್ಷೆಯಲ್ಲಿ ನಾಲ್ಕಂಕಿಯ ಸಂಖ್ಯೆ ಇರುವ ಮಾರ್ಗ ಎಂದರೆ ಪೂರ್ತಿ ನೆಲದಿಂದ ಸಾವಿರದೈನೂರು ಅಡಿಯ ಒಳಗೆ. ನಕ್ಷೆಯಲ್ಲಿ ಗೆರೆ ಸಪೂರ, ನಿಜದ ದಾರಿ ಹಲವು ಮೈಲಿ ಅಗಲ.

ಯಂತ್ರದ ಕಥೆ. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್, ಎರಡು ರೇಡಿಯೋ ತುಂಡು, ಎರಡು ಆಂಟೆನಾ ಸೇರಿಸಿ ಸುತ್ತಲಿನ ವಿಮಾನಗಳನ್ನು ಪರದೆಯ ಮೇಲೆ ತೋರಿಸುವ ಸ್ಟ್ರಾಟಕ್ಸ್ ಎಂಬ ಎಡಿಎಸ್-ಬಿ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿಕೊಂಡೆ. 150 ಡಾಲರ್ ಆಗಿರಬೇಕು. ಜುಲೈ ಬಿಸಿಲಿನಲ್ಲಿ ಮುಂದಿನ ಗಾಜಿನ ಕೆಳಗಿಟ್ಟಿದ್ದಕ್ಕೆ ಕಾದು ಕಾವಲಿಯಾಗಿ ನಿಂತುಹೋಯಿತು. ಈಗ ಪುಟ್ಟ ಫ್ಯಾನು ಹಾಕಿ ಹಿಂದಿನ ಸೀಟಿಗೆ ವರ್ಗ ಮಾಡಿದ್ದೇನೆ. ಕೆಲಸಕ್ಕೆ ಬರುತ್ತದೆ, ಆದರೆ ನಂಬಿ ಕೂರಬೇಡಿ. ಜೋಡಿಯಾಗಿ ಹಾರುವಾಗ ಸಾಮಾನ್ಯವಾಗಿ ರಾಡಾರಿಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರ್ ಮುಂದಿನವನದು ಮಾತ್ರ ಉತ್ತರಿಸುತ್ತದೆ. ಪರದೆಯಲ್ಲಿ ಒಂದು ಕಂಡರೆ ಕಿಟಕಿಯಲ್ಲಿ ಎರಡನೆಯದನ್ನೂ ಹುಡುಕಬೇಕು. ಕೆಲವು ಕಾಣಿಸಿಕೊಳ್ಳುವುದೇ ಇಲ್ಲ. ನಾನು ನೋಡಿದ ಹಾರ್ನೆಟ್‌ಗಳಲ್ಲಿ ಅರ್ಧದಷ್ಟೂ ಪರದೆಗೆ ಬಂದಿರಲಿಲ್ಲ.

ಕಪ್ಪು ಕನ್ನಡಕದ ಒಂದು ಪ್ರಯೋಗವನ್ನೂ ಮಾಡಿದೆ. 200 ಡಾಲರಿನ ಪೋಲರಾಯ್ಡ್ ಕನ್ನಡಕ ಹಾಕಿ ಒಂದು ಹಾರಾಟ, ತೆಗೆದಿಟ್ಟು ಇನ್ನೊಂದು. ದೂರದ ವಿಮಾನ ಮೊದಲು ಕಾಣುವುದು ಕನ್ನಡಿ ಮಿನುಗಿದಂತೆ. ಪೋಲರಾಯ್ಡ್ ಆ ಮಿನುಗನ್ನೇ ನುಂಗಿಬಿಡುತ್ತದೆ, ಜೊತೆಗೆ ಟ್ಯಾಬ್ಲೆಟ್ ಪರದೆಯೂ ಕಪ್ಪಾಗುತ್ತದೆ. ಈಗ ಅದನ್ನು ಮನೆಯಾಕೆ ಕಾರು ಓಡಿಸುವಾಗ ಹಾಕಿಕೊಳ್ಳುತ್ತಾಳೆ. ಕ್ಯಾಮೆರಾ ವಿಷಯದಲ್ಲಿ ಇನ್ನೂ ದೊಡ್ಡ ಪೆಟ್ಟು ತಿಂದೆ. 400 ಮಿಲಿಮೀಟರ್‌ವರೆಗಿನ ಜೂಮ್ ಲೆನ್ಸ್ ಕೊಂಡು, ಗೀಚುಬಿದ್ದ ಪ್ಲಾಸ್ಟಿಕ್ ಕಿಟಕಿಯ ಮೂಲಕ ನನ್ನದೇ ಮೂಗಿನ ಪ್ರತಿಬಿಂಬವನ್ನು ಚೆನ್ನಾಗಿ ತೆಗೆದೆ. ಆರುನೂರು ಡಾಲರ್ ನಷ್ಟಕ್ಕೆ ಮಾರಿದೆ. 172ರ ಕಿಟಕಿಯನ್ನು ಹಾರುವಾಗಲೂ ತೆರೆಯಬಹುದು, ಕೈಪಿಡಿಯಲ್ಲೇ ಇದೆ. ಆದರೆ ಹಾರಿಸುವವನು ಚಿತ್ರ ತೆಗೆಯಬಾರದು. ಹಾಸನದ ಗೆಳೆಯನೊಬ್ಬ ಜೊತೆಗೆ ಬರುತ್ತಾನೆ, ಖರ್ಚಿನಲ್ಲಿ ಸರಿಪಾಲು ಕೊಡುತ್ತಾನೆ. ಅಷ್ಟಕ್ಕೆ ಕಾನೂನಿನ ಅಡ್ಡಿಯಿಲ್ಲ.

ಫೈಟರ್‌ಗಳ ದುಬಾರಿ ಹಾದಿ ಬೇಡ ಎನ್ನುವವರಿಗೆ ಟ್ರಾವಿಸ್ ವಾಯುನೆಲೆ ಇದೆ. ಲಿವರ್‌ಮೋರ್‌ನಿಂದ ಉತ್ತರಕ್ಕೆ ಮೂವತ್ತೈದು ಮೈಲಿ. ಸಿ-5 ಗ್ಯಾಲಕ್ಸಿ ಎಂಬ ಆನೆಯಂಥ ಸಾಗಣೆ ವಿಮಾನ ಅಲ್ಲಿ ಇಳಿದು ಏಳುವ ಅಭ್ಯಾಸ ಮಾಡುತ್ತಲೇ ಇರುತ್ತದೆ. ರೆಕ್ಕೆಯಿಂದ ರೆಕ್ಕೆಗೆ 222 ಅಡಿ. ದೊಡ್ಡದಾದ್ದರಿಂದ ನಿಂತಂತೆ ಕಾಣುತ್ತದೆ, ಹತ್ತಿರವಿದೆ ಎಂದು ಕಣ್ಣು ಸುಳ್ಳು ಹೇಳುತ್ತದೆ. ಎರಡು ಮೈಲಿ ಎಂದುಕೊಂಡದ್ದು ಐದಾಗಿತ್ತು. ಅದರ ಹಿಂದಿನ ಸುಳಿಗಾಳಿ ಕೆಳಕ್ಕೆ ಇಳಿಯುತ್ತದೆ, ಆದ್ದರಿಂದ ನಾನು ಎಂದೂ ಅದರ ಕೆಳಗೆ ಹಾದಿಲ್ಲ. ಬೀಲ್ ವಾಯುನೆಲೆಯ ಕಡೆಗೆ ಯು-2 ಬೇಹುಗಾರಿಕೆ ವಿಮಾನ ನೋಡಲು ಮೂರು ಸಲ ಹೋದೆ. ಮೂರನೆಯ ಸಲ ಗಾಳಿಪಟದಂತೆ ತೇಲುತ್ತ ಇಳಿಯುವ ಒಂದು ಕಪ್ಪು ಗೆರೆ ಕಂಡಿತು. ಅದನ್ನು ಹನ್ನೊಂದರಲ್ಲಿ ಸೇರಿಸಿಲ್ಲ, ಅದು ಶುದ್ಧ ಅದೃಷ್ಟ.

ಡೆತ್ ವ್ಯಾಲಿಯ ರೇನ್‌ಬೋ ಕಣಿವೆಯಲ್ಲಿ ನೆಲದ ಮೇಲೆ ನಿಂತೇ ಜೆಟ್‌ಗಳನ್ನು ಕಣ್ಣಿಗಿಂತ ಕೆಳಗೆ ನೋಡಬಹುದಿತ್ತು. 2019ರ ಜುಲೈ 31ರಂದು ಅಲ್ಲಿ ಸೂಪರ್ ಹಾರ್ನೆಟ್ ಬಂಡೆಗೆ ಬಡಿದು ಪೈಲಟ್ ತೀರಿಕೊಂಡರು, ನೋಡಲು ಬಂದಿದ್ದ ಏಳು ಮಂದಿಗೆ ಗಾಯವಾಯಿತು. ಆಮೇಲೆ ಕಣಿವೆಯೊಳಗೆ ಇಳಿಯುವುದು ನಿಂತಿತು. ನೋಡುವವರ ಖುಷಿಗಾಗಿ ಯಾರೂ ಹಾರುತ್ತಿಲ್ಲ ಎಂಬುದು ನನಗೆ ಆ ಸುದ್ದಿ ಓದಿದ ದಿನ ತಟ್ಟಿತು. ಬೆನ್ನು ಹತ್ತುವುದು, ಎದುರು ತಿರುಗುವುದು, ಹತ್ತಿರ ಹೋಗುವುದು ನನ್ನ ವಿಧಾನದಲ್ಲಿ ಇಲ್ಲ.

ಕಳೆದ ಮಾರ್ಚಿನ ಒಂದು ಬುಧವಾರ ಆ ಹಿರಿಯ ಬೋಧಕರನ್ನೇ ಬಲಗಡೆ ಸೀಟಿನಲ್ಲಿ ಕೂರಿಸಿಕೊಂಡು ಹೋದೆ. ಹೋಟೆಲಿನ ಕಾಗದದ ಕರವಸ್ತ್ರದ ಮೇಲೆ "2.20" ಎಂದು ಬರೆದು ಅವರ ಜೇಬಿಗೆ ಹಾಕಿದೆ. 2.23ಕ್ಕೆ ಕಂಟ್ರೋಲರ್ ಯಾರೊಂದಿಗೋ ಮಾತನಾಡತೊಡಗಿದರು, ಉತ್ತರವಿಲ್ಲ. ಮೂರು ನಿಮಿಷದಲ್ಲಿ ಕಾಲುವೆಯ ಆಚೆ ನೆರಳೆರಡು ಓಡಿದವು. ಎರಡು ಎಫ್-35ಸಿ, ದಪ್ಪ ಹೊಟ್ಟೆ, ಒಂದೇ ಎಂಜಿನ್, ನಮಗಿಂತ ಮೂರು ಸಾವಿರ ಅಡಿ ಕೆಳಗೆ, ನಾಲ್ಕು ಮೈಲಿ ದೂರದಲ್ಲಿ. ಎಂಟು ಸೆಕೆಂಡ್ ಕಂಡಿರಬಹುದು. ಬೋಧಕರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ಕಾಕತಾಳೀಯ" ಎಂದರು. ಹದಿನೈದು ನಿಮಿಷದ ನಂತರ ಇನ್ನೊಂದು ಜೋಡಿ ಹಾರ್ನೆಟ್ ಬಂದಾಗ ಆ ಮಾತನ್ನು ಮತ್ತೆ ಆಡಲಿಲ್ಲ. ಮೀಟರ್ 2.7 ತೋರಿಸಿತು, ಅರ್ಧ ಹಣ ಅವರೇ ಕೊಟ್ಟರು.

ನನ್ನ ಮುಂದಿನ ಗುರಿ ಓವೆನ್ಸ್ ಕಣಿವೆ. ಸಿಯೆರಾ ಪರ್ವತಸಾಲು ದಾಟಬೇಕು, ಬಾಡಿಗೆ ವಿಮಾನಕ್ಕೆ ಬೆಟ್ಟದ ಹಾರಾಟದ ಪ್ರತ್ಯೇಕ ಪರೀಕ್ಷೆ ಬೇಕಂತೆ. ಪರೀಕ್ಷೆ ತೆಗೆದುಕೊಳ್ಳುವವರು ಇದೇ ಬೋಧಕರು, ಗಂಟೆಗೆ 90 ಡಾಲರ್. ರಿಯಾಯಿತಿ ಕೇಳಿದೆ, ಕೊಡಲಿಲ್ಲ.