ಡಿಸ್ಕ್ ಬ್ರೇಕಿನ ಥ್ರೆಡ್ ಹೋದಾಗ ನಾನು ಮಾಡಿದ ರಿಪೇರಿ

ಅಲೆನ್ ಕೀ ತಿರುಗಿಸಿದಷ್ಟೂ ಬೋಲ್ಟ್ ತಿರುಗುತ್ತಿತ್ತು, ಬಿಗಿ ಮಾತ್ರ ಆಗುತ್ತಿರಲಿಲ್ಲ. ಸೈಕಲ್ಲಿನ ಮುಂದಿನ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಹಿಡಿದು ಅಲ್ಲಾಡಿಸಿದರೆ ಅದರ ಕೆಳತುದಿ ಸಣ್ಣಗೆ ಕದಲುತ್ತಿತ್ತು. ಬೋಲ್ಟ್ ಪೂರ್ತಿ ಬಿಚ್ಚಿದಾಗ ಅದರ ತುದಿಗೆ ತಂತಿಯ ಹಾಗೆ ಅಲ್ಯೂಮಿನಿಯಂ ಸುರುಳಿ ಸುತ್ತಿಕೊಂಡು ಬಂತು. ಫೋರ್ಕಿನ, ಅಂದರೆ ಮುಂದಿನ ಚಕ್ರ ಹಿಡಿಯುವ ಕವೆಯ, ಥ್ರೆಡ್ಡೇ ಕಿತ್ತು ಬಂದಿತ್ತು.

ಇಂಥ ಹೊತ್ತಲ್ಲಿ ಮೊದಲು ನೋಡಬೇಕಾದ್ದು ಥ್ರೆಡ್ ಯಾವ ಭಾಗದಲ್ಲಿದೆ ಅಂತ. ಕ್ಯಾಲಿಪರ್ ಕೂರಿಸುವ ಜಾಗಕ್ಕೆ ಮೌಂಟ್ ಅಂತಾರೆ. ಐ.ಎಸ್. ಮೌಂಟ್ ಇರುವ ಫ್ರೇಮುಗಳಲ್ಲಿ ಫ್ರೇಮಿನ ತೂತಿಗೆ ಥ್ರೆಡ್ಡೇ ಇರುವುದಿಲ್ಲ, ಎಲ್ಲಾ ಥ್ರೆಡ್ ಫ್ರೇಮಿಗೂ ಕ್ಯಾಲಿಪರಿಗೂ ನಡುವೆ ಕೂರುವ ಅಡಾಪ್ಟರ್‌ನಲ್ಲಿರುತ್ತದೆ. ಹಾಗಿದ್ದರೆ ತಲೆಬಿಸಿ ಬೇಡ, ಹೊಸ ಅಡಾಪ್ಟರ್ ತಂದು ಹಾಕಿ. ನನ್ನದು ಪೋಸ್ಟ್ ಮೌಂಟ್. ಕ್ಯಾಲಿಪರ್ ಕಿವಿಗಳಲ್ಲಿ ಬರೀ ಉದ್ದುದ್ದ ತೂತು, ಎಂ6 (6 ಮಿ.ಮೀ. ದಪ್ಪದ ಬೋಲ್ಟಿನ) ಥ್ರೆಡ್ ಇರುವುದು ಫೋರ್ಕಿನ ಮೈಯಲ್ಲೇ. ಅದನ್ನು ಬದಲಿಸಬೇಕೆಂದರೆ ಫೋರ್ಕನ್ನೇ ಬದಲಿಸಬೇಕು.

ಥ್ರೆಡ್ ಹೋಗಿದ್ದಕ್ಕೆ ಕಾರಣ ಬೋಲ್ಟಿನ ಉದ್ದದಲ್ಲಿತ್ತು. ಇದು ಸೆಕೆಂಡ್ ಹ್ಯಾಂಡ್ ಸೈಕಲ್. ಹಿಂದೆ ಯಾರೋ 160 ಮಿ.ಮೀ. ರೋಟರ್ (ಬ್ರೇಕಿನ ಡಿಸ್ಕ್) ತೆಗೆದು 180ರದ್ದು ಹಾಕಿಸಿದ್ದಾರೆ. ಕ್ಯಾಲಿಪರ್ ಕೆಳಗೆ ಸ್ಪೇಸರ್ ಬಂದಿದೆ, ಆದರೆ ಅದಕ್ಕೆ ತಕ್ಕಷ್ಟು ಉದ್ದದ ಬೋಲ್ಟ್ ಬಂದಿಲ್ಲ. ಹಾಗಾಗಿ ಬೋಲ್ಟ್ ಫೋರ್ಕಿನ ಒಳಗೆ ಮೂರ್ನಾಲ್ಕು ಸುತ್ತಷ್ಟೇ ಕಚ್ಚಿಕೊಂಡಿತ್ತು. ಅಲ್ಯೂಮಿನಿಯಂನಲ್ಲಿ ಎಂ6 ಬೋಲ್ಟ್ ಕಡಿಮೆಯೆಂದರೂ 9 ಮಿ.ಮೀ. ಒಳಗಿರಬೇಕು. ಬ್ರೇಕ್ ಹಿಡಿದಾಗ ಕ್ಯಾಲಿಪರ್ ಜಾರದ ಹಾಗೆ ತಡೆಯುವುದು ಬೋಲ್ಟಿನ ಬಿಗಿತವೇ ಅಲ್ವಾ?

ಲೇತ್ ಅಂಗಡಿಯವರು ನೋಡಿದ ಕೂಡಲೇ, "ಎಂಟರ ಟ್ಯಾಪ್ ಹೊಡೆದು ದಪ್ಪ ಬೋಲ್ಟ್ ಹಾಕಿಬಿಡೋಣ ಸಾರ್" ಅಂದರು. ಟ್ಯಾಪ್ ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಟೂಲ್. ಕ್ಯಾಲಿಪರ್ ಕಿವಿಯ ತೂತು ಎಂ6ಕ್ಕೆ ಮಾಡಿದ್ದು. ದಪ್ಪ ಬೋಲ್ಟ್ ಹಾಕಲು ಅದನ್ನೂ ಅರದಿಂದ ಉಜ್ಜಬೇಕು, ಫೋರ್ಕಿನ ಗೋಡೆಯೂ ತೆಳುವಾಗುತ್ತದೆ. ಅಂಟು ತುಂಬಿಸುವ ಸಲಹೆಯೂ ಬಂತು. ಬ್ರೇಕಿಗೆ ಅಂಟು? ಬೇಡವೇ ಬೇಡ.

ನಾನು ಆರಿಸಿಕೊಂಡಿದ್ದು ಹೆಲಿಕಾಯಿಲ್. ಸ್ಟೀಲ್ ತಂತಿಯ ಸ್ಪ್ರಿಂಗ್ ಥರದ ಸುರುಳಿ ಅದು. ತೂತನ್ನು ತುಸು ದೊಡ್ಡದು ಮಾಡಿ, ಅದರದೇ ಟ್ಯಾಪ್ ಹೊಡೆದು, ಸುರುಳಿ ಕೂರಿಸಿದರೆ ಒಳಗೆ ಮತ್ತೆ ಎಂ6 ಥ್ರೆಡ್ ಸಿಗುತ್ತದೆ. ಮೊದಲಿನ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಎಂ6 ಕಿಟ್ ಸಿಕ್ಕಿತು. ಅದರಲ್ಲಿ 6.3ರ ಡ್ರಿಲ್ ಬಿಟ್, ಟ್ಯಾಪ್, ಕೂರಿಸುವ ಟೂಲ್, 9 ಮಿ.ಮೀ. ಉದ್ದದ ಸುರುಳಿಗಳು ಇದ್ದವು.

ಈ ಕೆಲಸದಲ್ಲಿ ಕಷ್ಟದ್ದು ಒಂದೇ, ತೂತು ನೆಟ್ಟಗೆ ಬರಬೇಕು. ಸ್ವಲ್ಪ ಓರೆಯಾದರೂ ಕ್ಯಾಲಿಪರ್ ಸರಿಯಾಗಿ ಕೂರುವುದಿಲ್ಲ, ಬೋಲ್ಟಿನ ತಲೆ ಒಂದೇ ಅಂಚಿನಲ್ಲಿ ಒತ್ತುತ್ತದೆ. ಕೈ ಅಂದಾಜಿನಲ್ಲಿ ಡ್ರಿಲ್ ಹಿಡಿಯುವ ಧೈರ್ಯ ನನಗಿರಲಿಲ್ಲ. ಪೋಸ್ಟ್ ಮೌಂಟಿನ ಎರಡು ತೂತುಗಳ ನಡುವಿನ ಅಂತರ 74 ಮಿ.ಮೀ. ಅದೇ ಲೇತ್ ಅಂಗಡಿಯಲ್ಲಿ 10 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪಟ್ಟಿಗೆ ಅಷ್ಟೇ ಅಂತರದಲ್ಲಿ ಎರಡು ತೂತು ಹಾಕಿಸಿದೆ: ಒಂದು ಎಂ6 ಬೋಲ್ಟ್ ತೂರುವಷ್ಟು, ಇನ್ನೊಂದು 6.3. ಮೇಲಿನ ಥ್ರೆಡ್ ಚೆನ್ನಾಗಿತ್ತು, ಪಟ್ಟಿಯನ್ನು ಅಲ್ಲಿಗೆ ಬಿಗಿದೆ. ಎರಡು ಪೋಸ್ಟಿನ ಮುಖವೂ ಒಂದೇ ಮಟ್ಟದಲ್ಲಿರುವುದರಿಂದ ಪಟ್ಟಿ ಪಟ್ಟಾಗಿ ಕೂತಿತು. ಇನ್ನು ಬಿಟ್ ಓರೆ ಹೋಗಲು ದಾರಿಯೇ ಇಲ್ಲ.

ಅದಕ್ಕೂ ಮೊದಲು ಚಕ್ರ ತೆಗೆದು ದೂರ ಇಟ್ಟಿದ್ದೆ. ಕ್ಯಾಲಿಪರನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಹೋಸ್ ಎಳೆಯದಂತೆ ದಾರದಲ್ಲಿ ಹ್ಯಾಂಡಲ್ಲಿಗೆ ಕಟ್ಟಿದ್ದೆ. ಪ್ಯಾಡಿಗೆ ಎಣ್ಣೆ ತಾಗಿದರೆ ಅದರ ಕಥೆ ಮುಗಿಯಿತು. ಹೈಡ್ರಾಲಿಕ್ ಬ್ರೇಕ್ ಆದ್ದರಿಂದ ಪ್ಯಾಡುಗಳ ನಡುವೆ ಸ್ಪೇಸರ್ ಬೇಕು, ಇಲ್ಲವಾದರೆ ಅಕಸ್ಮಾತ್ ಲಿವರ್ ಒತ್ತಿದರೆ ಪಿಸ್ಟನ್ ಮುಂದೆ ಬಂದುಬಿಡುತ್ತದೆ.

ನನ್ನ ಫೋರ್ಕಿನ ತೂತು ಆಚೆ ಬದಿಗೆ ತೆರೆದಿರಲಿಲ್ಲ. ಆಳ ಅಳೆದು, ಪಟ್ಟಿಯ ದಪ್ಪವನ್ನೂ ಸೇರಿಸಿ, ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿದೆ. ನಿಧಾನ ಸ್ಪೀಡಿನಲ್ಲಿ ಕೊರೆದೆ. ಟ್ಯಾಪಿಗೆ ಸೀಮೆಎಣ್ಣೆ ಹನಿಸುತ್ತಾ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪಟ್ಟಿ ತೆಗೆದ ಮೇಲೆ ಟ್ಯಾಪ್ ನೇರ ಇದೆಯಾ ಅಂತ ಟ್ರೈ ಸ್ಕ್ವೇರ್ ಇಟ್ಟು ಎರಡು ಕಡೆಯಿಂದ ನೋಡಿದೆ. ಸುಮ್ನೆ ಅವಸರ ಮಾಡಿದರೆ ಟ್ಯಾಪ್ ಒಳಗೇ ಮುರಿಯುತ್ತದೆ. ಆಮೇಲೆ ಅದನ್ನು ತೆಗೆಯುವುದು ಇದಕ್ಕಿಂತ ದೊಡ್ಡ ರಾಮಾಯಣ.

ಸುರುಳಿಯನ್ನು ಟೂಲಿಗೆ ಸಿಕ್ಕಿಸಿ, ಒತ್ತದೆ, ಬರೀ ತಿರುಗಿಸುತ್ತಾ ಹೋದೆ. ಅದರ ಮೇಲ್ತುದಿ ಫೋರ್ಕಿನ ಮುಖದಿಂದ ಅರ್ಧ ಸುತ್ತು ಕೆಳಗೆ ಇಳಿದಾಗ ನಿಲ್ಲಿಸಿದೆ. ಕೆಳತುದಿಯಲ್ಲಿ ಅಡ್ಡಕ್ಕೆ ಬಾಗಿದ ಸಣ್ಣ ನಾಲಿಗೆ ಇರುತ್ತದೆ. ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಟಕ್ ಅಂತ ಮುರಿಯುತ್ತದೆ. ಆ ಚೂರು ಹೊರಗೆ ಬಂದಿದ್ದನ್ನು ಕಣ್ಣಾರೆ ನೋಡಬೇಕು. ಒಳಗೇ ಉಳಿದರೆ ಬೋಲ್ಟ್ ಅದಕ್ಕೆ ತಾಗಿ ಬಿಗಿಯಾದಂತೆ ಅನ್ನಿಸುತ್ತದೆ, ಕ್ಯಾಲಿಪರ್ ಮಾತ್ರ ಸಡಿಲವೇ ಇರುತ್ತದೆ. ಸೈಕಲ್ ಬೋರಲು ಹಾಕಿ, ಫೋರ್ಕ್ ತಟ್ಟಿ ಬೀಳಿಸಿದೆ.

ಉಳಿದದ್ದು ಎಂದಿನಂತೆ. ಉದ್ದದ ಹೊಸ ಬೋಲ್ಟ್, ಅದು ಸಡಿಲಾಗದಂತೆ ಒಂದು ಹನಿ ನೀಲಿ ಥ್ರೆಡ್‌ಲಾಕರ್. ಲಿವರ್ ಒತ್ತಿ ಹಿಡಿದು ಕ್ಯಾಲಿಪರನ್ನು ಮಧ್ಯಕ್ಕೆ ತಂದು, ಎರಡೂ ಬೋಲ್ಟನ್ನು ಸ್ವಲ್ಪಸ್ವಲ್ಪವಾಗಿ, ಟಾರ್ಕ್ ರೆಂಚಿನಲ್ಲಿ 6ರಿಂದ 8 ನ್ಯೂಟನ್ ಮೀಟರ್ ಒಳಗೆ ಬಿಗಿದೆ. ಬೋಲ್ಟಿನ ತಲೆಯಿಂದ ಕ್ಯಾಲಿಪರಿನವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದೆ. ಬೋಲ್ಟ್ ಸಡಿಲಾದರೆ ಗೆರೆ ಎರಡಾಗುತ್ತದೆ. ಥ್ರೆಡ್‌ಲಾಕರ್ ಒಣಗಲು ಒಂದು ದಿನ ಬಿಟ್ಟು, ಮನೆ ಮುಂದಿನ ಖಾಲಿ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದು ನೋಡಿದೆ. ನಂದಿಬೆಟ್ಟದ ಇಳಿಜಾರಿಗೆ ಒಯ್ದದ್ದು ಅದಾದ ಮೇಲೆ.

ಕಾರ್ಬನ್ ಫೋರ್ಕಿಗೆ ಇದನ್ನು ಮನೆಯಲ್ಲಿ ಮಾಡಬೇಡಿ. ಸಸ್ಪೆನ್ಷನ್ ಫೋರ್ಕಿನ ಕೆಳಭಾಗ ಹಲವು ಸಲ ಮೆಗ್ನೀಸಿಯಂ ಆಗಿರುತ್ತದೆ. ಅದರ ಪುಡಿಗೆ ಬೆಂಕಿ ಹತ್ತುವ ಅಪಾಯವಿದೆ, ಅದನ್ನು ತಿಳಿದವರ ಕೈಗೆ ಕೊಡಿ. ಹೇಗೂ ಕಿಟ್ ಇದೆ, ಮೇಲಿನ ತೂತಿಗೂ ಸುರುಳಿ ಹಾಕಿಬಿಡು ಅಂತ ಗೆಳೆಯ ಹೇಳಿದ. ಚೆನ್ನಾಗಿರುವ ಥ್ರೆಡ್ಡನ್ನು ನಾನು ಮುಟ್ಟಲಿಲ್ಲ, ಅದಕ್ಕೂ ಉದ್ದದ ಬೋಲ್ಟ್ ಹಾಕಿದೆ, ಅಷ್ಟೇ.