ಹಿಮದೊಳಗಿನ ನೀರು ಅಳೆಯುವ ಮುನ್ನ ಕೊಳವೆಯ ಬಾಯಿ ನೋಡಿ

ಪುಣೆಯ ಭೋಸರಿಯಲ್ಲಿ ನನ್ನದೊಂದು ಲೇತ್ ಶಾಪ್ ಇದೆ. ಹಿಮದ ಮಾದರಿ ತೆಗೆಯುವ ಕೊಳವೆಗಳನ್ನು ಇಲ್ಲೇ ಮಾಡುತ್ತೇವೆ. ಈ ಸಲ ನನ್ನ ಅಕ್ಕನ ಮಗನೇ ಅಂಥದ್ದೊಂದು ಕೊಳವೆ ಹಿಡಿದು ಹಿಮ ಅಳೆಯಲು ಹಿಮಾಚಲಕ್ಕೆ ಹೊರಟಿದ್ದಾನೆ. ಅಲ್ಲಿನ ಭಾಕ್ರಾ ಅಣೆಕಟ್ಟಿಗೆ ಸಟ್ಲೆಜ್ ನದಿ ತರುವ ನೀರಿನಲ್ಲಿ ದೊಡ್ಡ ಪಾಲು ಹಿಮ ಕರಗಿ ಬಂದದ್ದು. ನೂರು ಚದರ ಕಿಲೋಮೀಟರ್ ಜಾಗದಲ್ಲಿ ಒಂದೇ ಒಂದು ಸೆಂಟಿಮೀಟರ್ ನೀರಿನ ಲೆಕ್ಕ ತಪ್ಪಿದರೂ 100 ಕೋಟಿ ಲೀಟರ್ ವ್ಯತ್ಯಾಸ ಬೀಳುತ್ತದೆ.

"ಮಾಮಾ, ಎಷ್ಟು ಆಳ ಇದೆ ಅಂತ ಅಳೆದರೆ ಸಾಕಲ್ವಾ?" ಅಂತ ಕೇಳಿದ. ಸಾಲದು. ಹೊಸದಾಗಿ ಬಿದ್ದ ಒಂದು ಮೀಟರ್ ಹಿಮದಲ್ಲಿ ಸುಮಾರು 10 ಸೆಂ.ಮೀ. ನೀರಿರಬಹುದು. ಚಳಿಗಾಲವೆಲ್ಲ ಕೂತು ಗಟ್ಟಿಯಾದ ಒಂದು ಮೀಟರ್ ಹಿಮದಲ್ಲಿ 40 ಇರಬಹುದು. ಅದಕ್ಕೇ ಕೊಳವೆಯನ್ನು ಹಿಮದೊಳಗೆ ಇಳಿಸಿ, ಒಳಗೆ ಬಂದ ಹಿಮವನ್ನು ತೂಕ ಮಾಡಬೇಕು. ತೂಕದ ಗ್ರಾಂ ಸಂಖ್ಯೆಯನ್ನು ಕೊಳವೆಯ ಬಾಯಿಯ ಚದರ ಸೆಂಟಿಮೀಟರಿನಿಂದ ಭಾಗಿಸಿದರೆ ನೀರಿನ ಆಳ ಸೆಂಟಿಮೀಟರಿನಲ್ಲಿ ಸಿಗುತ್ತದೆ.

ಹಾಗಾಗಿ ಬಾಯಿಯ ಅಳತೆಯೇ ಎಲ್ಲಕ್ಕೂ ಮೂಲ. ಒಳವ್ಯಾಸ 6.18 ಸೆಂ.ಮೀ. ಇದ್ದರೆ ಬಾಯಿ 30 ಚದರ ಸೆಂ.ಮೀ. ಆಗುತ್ತದೆ. ಅಂದರೆ 30 ಗ್ರಾಂ ಹಿಮಕ್ಕೆ ಒಂದು ಸೆಂಟಿಮೀಟರ್ ನೀರು. ಲೆಕ್ಕ ಸುಲಭ. ಆದರೆ ವ್ಯಾಸ ಒಂದು ಮಿಲಿಮೀಟರ್ ಆಚೀಚೆಯಾದರೆ ಶೇ. 3ಕ್ಕಿಂತ ಜಾಸ್ತಿ ತಪ್ಪು, ಅದೂ ಪ್ರತಿಯೊಂದು ಅಳತೆಯಲ್ಲೂ. ವರ್ನಿಯರ್ (ವ್ಯಾಸವನ್ನು ಸೂಕ್ಷ್ಮವಾಗಿ ಅಳೆಯುವ ಉಪಕರಣ) ಇಟ್ಟು ಕೊಳವೆಯನ್ನು ತಿರುಗಿಸುತ್ತಾ ನಾಲ್ಕು ಕಡೆ ನೋಡಿ. ಬಂಡೆಗೆ ತಾಗಿದ ಬಾಯಿ ಕಣ್ಣಿಗೆ ಗುಂಡಗೇ ಕಾಣುತ್ತದೆ, ವರ್ನಿಯರ್‌ಗೆ ಹಾಗೆ ಕಾಣುವುದಿಲ್ಲ. ಆಮೇಲೆ ಬಾಯಿಯ ಅಂಚಿನಲ್ಲಿ ಹಿಮ ಕತ್ತರಿಸಲು ಇರುವ ಹಲ್ಲುಗಳ ಮೇಲೆ ಉಗುರು ಆಡಿಸಿ. ಚೂಪಾದ ಹಲ್ಲು ಉಗುರನ್ನು ಕೆರೆಯುತ್ತದೆ. ಮೊಂಡಾದದ್ದು ಸುಮ್ನೆ ಜಾರುತ್ತದೆ. ಮೊಂಡು ಹಲ್ಲು ಹಿಮವನ್ನು ಕತ್ತರಿಸುವ ಬದಲು ಅಕ್ಕಪಕ್ಕದ್ದನ್ನೂ ಒಳಗೆ ನೂಕುತ್ತದೆ. ಅಮೆರಿಕದವರು ಹಿಮ ಅಳೆಯಲು ಬಳಸುವ 'ಫೆಡರಲ್' ಎಂಬ ಕೊಳವೆ, ನಿಜಕ್ಕೂ ಇರುವ ನೀರಿಗಿಂತ ಶೇ. 10ರವರೆಗೂ ಜಾಸ್ತಿ ತೋರಿಸಬಹುದು. ಅದಕ್ಕೆ ಇದೂ ಒಂದು ಕಾರಣ. ಹಲ್ಲನ್ನು ಅರದಿಂದ ಹೊರಗಡೆ ಮಾತ್ರ ಉಜ್ಜಿ. ಒಳಗಡೆ ಉಜ್ಜಿದರೆ ವ್ಯಾಸವೇ ಬದಲಾಗುತ್ತದೆ.

ಸ್ಪ್ರಿಂಗ್ ತಕ್ಕಡಿಯನ್ನು ಮುದ್ರೆ ಹೊಡೆದ ತೂಕದ ಕಲ್ಲು ಇಟ್ಟು ಇಲ್ಲೇ ಪರೀಕ್ಷಿಸಿ, ಮೇಲೆ ಹೋದಮೇಲೆ ಇನ್ನೊಮ್ಮೆ.

ಹಿಮದ ಹತ್ತಿರ ಹೋದಮೇಲೆ ಕೊಳವೆಯನ್ನು ನೆರಳಿನಲ್ಲಿ ತಣ್ಣಗಾಗಲು ಬಿಡಿ. ಬಿಸಿಲಿಗೆ ಕಾದ ಕೊಳವೆಗೆ ಹಿಮ ಅಂಟಿ, ಮಧ್ಯದಲ್ಲೇ ಕಟ್ಟಿಕೊಳ್ಳುತ್ತದೆ. ನೇರ ಇಳಿಸಿ. ಮಂಜುಗಡ್ಡೆಯ ಪದರ ಸಿಕ್ಕರೆ ಗುದ್ದಬೇಡಿ, ಒತ್ತಿ ತಿರುಗಿಸಿ. ನೆಲ ಮುಟ್ಟಿತು ಅನ್ನುವುದಕ್ಕೆ ಸಾಕ್ಷಿ ಒಂದೇ: ಬಾಯಲ್ಲಿ ಸ್ವಲ್ಪ ಮಣ್ಣೋ ಹುಲ್ಲೋ ಬಂದಿರಬೇಕು. ಆ ಮಣ್ಣನ್ನು ಚಾಕುವಿನಿಂದ ತೆಗೆದು, ಅದರ ಉದ್ದವನ್ನು ಆಳದಿಂದ ಕಳೆಯಿರಿ. ಮಣ್ಣಿನ ಸಮೇತ ತೂಗಿದರೆ ಇಲ್ಲದ ನೀರು ನದಿಯ ಲೆಕ್ಕಕ್ಕೆ ಸೇರುತ್ತದೆ. ಒಳಗಿನ ಹಿಮದ ಉದ್ದ ಹೊರಗಿನ ಆಳಕ್ಕಿಂತ ತುಂಬಾ ಕಡಿಮೆ ಇದ್ದರೆ ಚೆಲ್ಲಿ, ಪಕ್ಕದಲ್ಲಿ ಮತ್ತೆ ತೆಗೆಯಿರಿ. ತೂಗುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಖಾಲಿ ಕೊಳವೆಯನ್ನೂ ಆಗಾಗ ತೂಗುತ್ತಿರಿ, ಒಳಗೆ ಅಂಟಿಕೊಂಡ ಹಿಮ ಅದರಲ್ಲಿ ಸಿಕ್ಕಿಬೀಳುತ್ತದೆ.

ನೀರಿನ ಆಳವನ್ನು ಹಿಮದ ಆಳದಿಂದ ಅಲ್ಲೇ ಭಾಗಿಸಿ ಸಾಂದ್ರತೆ ನೋಡಿ. ಅಕ್ಕಪಕ್ಕ 0.32, 0.34 ಬಂದು ನಡುವೆ ಒಂದು 0.48 ಬಂದರೆ ಟೆಂಟಿಗೆ ಮರಳುವ ಮೊದಲೇ ಮತ್ತೆ ತೆಗೆಯಬೇಕು. ಸಾಂದ್ರತೆ ಸಾಮಾನ್ಯವಾಗಿ ಹೆಜ್ಜೆಹೆಜ್ಜೆಗೆ ಅಷ್ಟೊಂದು ಬದಲಾಗುವುದಿಲ್ಲ, ಆಳ ಬದಲಾಗುತ್ತದೆ. ಆದ್ದರಿಂದ ತೂಕ ಕೆಲವು ಕಡೆ ಸಾಕು. ಕೋಲು ಚುಚ್ಚಿ ಆಳ ನೋಡುವುದು ಮಾತ್ರ ತುಂಬಾ ಕಡೆ ಆಗಬೇಕು. ಮರದಡಿ, ಗಾಳಿ ಗುಡ್ಡೆ ಹಾಕಿದ ಕಡೆ ಬೇಡ. ಪ್ರತಿ ವರ್ಷ ಅದೇ ಸಾಲಿನಲ್ಲಿ ಅಳೆದರೆ ಮಾತ್ರ ಹೋಲಿಕೆಗೆ ಅರ್ಥ.

ಪುಸ್ತಕದಲ್ಲಿ ಕೊಳವೆಯ ನಂಬರ್, ಅವತ್ತಿನ ಒಳವ್ಯಾಸ ಎರಡನ್ನೂ ಬರೆಯಿರಿ. ಮುಂದಿನ ವರ್ಷ ಕೊಳವೆ ಬದಲಾದರೆ ಹಳೆಯದನ್ನೂ ಜೊತೆಗೆ ಒಯ್ದು, ಎರಡನ್ನೂ ಪಕ್ಕಪಕ್ಕ ಇಳಿಸಿ ತೂಗಿ ನೋಡಿ.